ಕಾರು ನಮ್ದು, ಕೀ ಮಾತ್ರ ಅವರದ್ದಂತೆ!

ಬ್ಲಾಗಿನ ಬಾಗಿಲು ತೆರೆದು ಆರೇಳು ತಿಂಗಳೇ ಆಯ್ತು. ಧೂಳು ಹೊಡೆಯೋಕೆ ಒಂದು ನೆಪ ಬೇಕಿತ್ತು, ಸಿಕ್ಕಿದೆ. ಈ ಸಲದ ವಿಷಯ ಕಾರಿನ ಕೀ. ಮಳೆ, ಮಲೆನಾಡು, ಹಾಸ್ಟೆಲ್ ದಿನಗಳು ಅಂತೆಲ್ಲ ಬರೀತಿದ್ದವನಿಗೆ ಇದೇನು ಬಂತು ಅಂತ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಪೂರ್ತಿ ಓದಿದ ಮೇಲೆ ನಗಿ :-)

ನಾನು ಹೇಳಹೊರಟಿರುವುದು ಇಷ್ಟೇ. ದುಡ್ಡು ಕೊಟ್ಟು ಕಾರು ಕೊಂಡವನಿಗೆ ಆ ಕಾರಿಗೆ ಇನ್ನೊಂದು ಕೀ ಮಾಡಿಸಿಕೊಳ್ಳುವ ಹಕ್ಕೂ ಇರಬೇಕು, ದಾರಿಯೂ ಇರಬೇಕು. ಕೆಲವೇ ಕೆಲವು ಕಾರುಗಳಲ್ಲಿ ಆ ದಾರಿ ಅರ್ಧ ತೆರೆದಿದೆ. ಉಳಿದ ಬಹುಪಾಲು ಕಾರುಗಳಲ್ಲಿ ಕಂಪನಿಯವರ ಕೈಕಾಲು ಹಿಡಿಯಬೇಕು. ಯಾಕ್ರೀ ಅಂತ ಕೇಳಿದರೆ 'ಸೆಕ್ಯುರಿಟಿ ಸಾರ್' ಅನ್ನುವ ಒಂದೇ ಮಾತಲ್ಲಿ ಬಾಯಿ ಮುಚ್ಚಿಸುತ್ತಾರೆ. ಆ ಪದವನ್ನು ದಿನಾ ಮೀಟಿಂಗುಗಳಲ್ಲಿ ಕೇಳಿ ಕೇಳಿ ಕಿವಿ ತೂತಾದವನು ನಾನು. ಅದು ಕಿವಿಗೆ ಬಿದ್ದಾಗಲೆಲ್ಲ ಯಾರಿಂದ ಯಾರಿಗೆ ರಕ್ಷಣೆ ಅಂತ ಒಂದು ಸಲ ಕೇಳಿಬಿಡೋದು ಒಳ್ಳೇದು.

ಮೊದಲು ಈ ಕೀ ಅನ್ನೋ ಪ್ರಾಣಿಯ ಹೊಟ್ಟೆಯೊಳಗೆ ಏನಿದೆ ನೋಡೋಣ. ನಾವು ಒಂದೇ ವಸ್ತು ಅಂದುಕೊಂಡಿರುವ ಕೀ ನಿಜಕ್ಕೂ ಒಂದು ವಠಾರ. ಒಳಗೆ ಎರಡು ಸಂಸಾರ, ಒಂದಕ್ಕೊಂದು ಮಾತೂ ಇಲ್ಲ.

ಮೊದಲನೇ ಸಂಸಾರ ರಿಮೋಟಿನದ್ದು. ಗುಂಡಿ ಒತ್ತಿದರೆ 'ಕುಯ್ಕ್' ಅಂತ ಬಾಗಿಲು ತೆರೆಯುತ್ತದಲ್ಲ, ಅದು. ಇದಕ್ಕೆ ನಾಣ್ಯದಂಥ ಬ್ಯಾಟರಿ ಬೇಕು, ಬಹಳಷ್ಟು ಕೀಗಳಲ್ಲಿ 3 ವೋಲ್ಟಿನ ಸಿಆರ್2032. ಅಮೆರಿಕದಲ್ಲಿ ಸಾಮಾನ್ಯವಾಗಿ 315 ಮೆಗಾಹರ್ಟ್ಸ್, ಭಾರತ ಮತ್ತು ಯುರೋಪಿನಲ್ಲಿ ಹೆಚ್ಚಾಗಿ 433.92. ಹಾಗಾಗಿ ಇಲ್ಲಿಂದ ಅಗ್ಗಕ್ಕೆ ರಿಮೋಟ್ ತಂದುಕೊಡು ಅಂತ ಕೇಳುವ ಗೆಳೆಯರಿಗೆಲ್ಲ ಮೊದಲೇ ಹೇಳಿಬಿಡುತ್ತೇನೆ, ಅದು ಅಲ್ಲಿ ಕಿವುಡ-ಮೂಗರ ಸಂಭಾಷಣೆ ಆಗುತ್ತದೆ. ಈ ರಿಮೋಟು ಪ್ರತಿ ಸಲ ಒತ್ತಿದಾಗಲೂ ಬೇರೆ ಬೇರೆ ಸಂಖ್ಯೆ ಕೂಗುತ್ತದೆ. ಒಂದೇ ಸಂಖ್ಯೆ ಕೂಗಿದರೆ ಪಕ್ಕದಲ್ಲಿ ನಿಂತ ಕಳ್ಳ ಅದನ್ನು ರೆಕಾರ್ಡ್ ಮಾಡಿಕೊಂಡು, ನಾವು ಹೋಟೆಲಿಗೆ ಹೋದ ಮೇಲೆ ತಾನೂ ಕೂಗಿಸಬಹುದಲ್ಲ. ಹಾಗಾಗಿ ಕೀ ಮತ್ತು ಕಾರು ಎರಡೂ ಒಂದು ಎಣಿಕೆ ಇಟ್ಟುಕೊಂಡಿರುತ್ತವೆ. ಇದನ್ನು ಮಾಡುವ ಒಂದು ಪ್ರಸಿದ್ಧ ವಿಧಾನ ಕೀಲಾಕ್. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನ್ಯಾನೋಟೆಕ್ ಕಂಪನಿಯಲ್ಲಿ ಹುಟ್ಟಿದ್ದು, 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಕೊಂಡುಕೊಂಡಿತು. ಮಗು ಕೀ ಹಿಡಿದು ಆಟ ಆಡುತ್ತಾ ಸುಮ್ಮನೆ ಒತ್ತಿದರೆ ಎಣಿಕೆ ತಪ್ಪಬಾರದಲ್ಲ, ಅದಕ್ಕೇ ಕೀಲಾಕ್‌ನಲ್ಲಿ ಸಾಮಾನ್ಯವಾಗಿ ಮುಂದಿನ 16 ಸಂಖ್ಯೆಗಳವರೆಗೆ ಕಾರು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ದೂರ ಹೋಗಿದ್ದರೆ ಎರಡು ಸಲ ಒತ್ತಿಸಿಕೊಂಡು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಯಾರೋ ಕೂತು ಮನೆಯಲ್ಲಿ ಮಕ್ಕಳಿರ್ತಾರೆ ಅಂತ ಯೋಚನೆ ಮಾಡಿದ್ದಾರೆ ಅನ್ನೋದೇ ನನಗೆ ಇದರಲ್ಲಿ ಇಷ್ಟ.

ಎರಡನೇ ಸಂಸಾರ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ಪು. ಟ್ರಾನ್ಸ್‌ಪಾಂಡರ್ ಅಂತ ಹೆಸರು. ಇದಕ್ಕೆ ಬ್ಯಾಟರಿ ಇಲ್ಲ. ನಮ್ಮ ಮೆಟ್ರೋ ಕಾರ್ಡಿಗೆ ಬ್ಯಾಟರಿ ಇದೆಯೇ? ಗೇಟಿಗೆ ತಾಗಿಸಿದಾಗ ಗೇಟಿನಿಂದಲೇ ಕರೆಂಟು ಪಡೆದು ಉತ್ತರ ಕೊಡುತ್ತದಲ್ಲ, ಥೇಟ್ ಹಾಗೆ. ಕೀ ತೂರಿಸುವ ತೂತಿನ ಸುತ್ತ ಒಂದು ತಂತಿಯ ಸುರುಳಿ ಇರುತ್ತದೆ. ಕಾರು ಒಂದು ಒಗಟು ಕೇಳುತ್ತದೆ, ಚಿಪ್ಪು ತನ್ನೊಳಗಿನ ಗುಟ್ಟಿನ ಸಂಖ್ಯೆ ಬಳಸಿ ಉತ್ತರ ಹೇಳುತ್ತದೆ. ಉತ್ತರ ಸರಿಯಿಲ್ಲದಿದ್ದರೆ ಕೀ ಎಷ್ಟೇ ಸಲೀಸಾಗಿ ತಿರುಗಿದರೂ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಇಮ್ಮೊಬಿಲೈಸರ್ ಅಂದರೆ ಇದೇ.

ಇಷ್ಟು ಗೊತ್ತಿದ್ದರೆ ಅರ್ಧ ದುಡ್ಡು ಉಳಿಯಿತು ಅಂತಲೇ ಲೆಕ್ಕ. ಕೀ ಕೆಟ್ಟಿದೆ ಅಂತ ಬರುವವರಲ್ಲಿ ಬಹಳಷ್ಟು ಜನರ ಬ್ಯಾಟರಿ ಮುಗಿದಿರುತ್ತದೆ, ಇಲ್ಲವೇ ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚು ಬೆಸುಗೆ ಬಿಟ್ಟಿರುತ್ತದೆ, ಇಲ್ಲವೇ ಹೊರಗಿನ ಪ್ಲಾಸ್ಟಿಕ್ ಒಡೆದಿರುತ್ತದೆ. ಎಸ್ಪಿ ರೋಡಿನಲ್ಲಿ ಆ ಸ್ವಿಚ್ಚಿಗೆ ಕೆಲವೇ ರೂಪಾಯಿ. ಖಾಲಿ ಚಿಪ್ಪು-ಡಬ್ಬಿ, ಅಂದರೆ ಶೆಲ್, ಕೊಂಡುಕೊಂಡು ಹಳೆಯದರ ಬೋರ್ಡನ್ನೂ ಟ್ರಾನ್ಸ್‌ಪಾಂಡರನ್ನೂ ಅದರೊಳಗೆ ಕೂರಿಸಿದರೆ ಪ್ರೋಗ್ರಾಮಿಂಗ್ ಗೊಡವೆಯೇ ಇಲ್ಲ. ಆದರೆ ಅಕ್ಕಿಕಾಳನ್ನು ಹಳೇ ಡಬ್ಬಿಯಲ್ಲೇ ಬಿಟ್ಟು ಕಸಕ್ಕೆ ಹಾಕಿದಿರೋ, ಬಾಗಿಲು ತೆರೆಯುತ್ತೆ, ಗಾಡಿ ಹೊರಡಲ್ಲ.

ಈಗ ನನ್ನ ಕಥೆ. ನಾನಿರುವುದು ಮಿಷಿಗನ್ನಿನಲ್ಲಿ. ಬಂದ ಹೊಸತರಲ್ಲಿ ಕೊಂಡ ಹಳೇ ಕಾರು, 2010ರ ಫೋರ್ಡ್ ಫ್ಯೂಷನ್. ಈ ಜನವರಿಯಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಎರಡು ಕೀಗಳಲ್ಲೊಂದು ಹಿಮದೊಳಗೆ ಬಿದ್ದು, ಹಿಮ ತಳ್ಳುವ ಗಾಡಿ ಅದರ ಮೇಲೆ ಹತ್ತಿ ಹೋಯಿತು. ಸಿಕ್ಕಿದಾಗ ತಲೆ ಅಪ್ಪಚ್ಚಿ, ಬೋರ್ಡು ಎರಡು ಹೋಳು. ಡೀಲರಿಗೆ ಫೋನ್ ಮಾಡಿದೆ. ಕೀ, ಕತ್ತರಿಸುವುದು, ಪ್ರೋಗ್ರಾಮಿಂಗ್ ಎಲ್ಲ ಸೇರಿ 180 ಡಾಲರ್ ಅಂದರು, ಅದರ ಮೇಲೆ ಟ್ಯಾಕ್ಸು. ಆ ಕಾರಿನ ವಯಸ್ಸಿಗೆ ಅದು ಮರ್ಯಾದೆಯೇ ಅಲ್ಲದ ಬೆಲೆ.

ಆಗ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದ್ದ ಮಾಲೀಕರ ಕೈಪಿಡಿ ತೆಗೆದೆ. (ಕೈಪಿಡಿ ಓದುವ ಚಟ ನಮ್ಮಪ್ಪನಿಂದ ಬಂದದ್ದು. ಮಿಕ್ಸಿಯದ್ದನ್ನೂ ಬಿಡದೆ ಓದುತ್ತಿದ್ದರು.) ಅದರಲ್ಲಿ ಅಚ್ಚಾಗಿಯೇ ಇದೆ. ಕೆಲಸ ಮಾಡುವ ಎರಡು ಕೀ ನಿಮ್ಮ ಹತ್ತಿರ ಇದ್ದರೆ ಮೂರನೆಯದನ್ನು ನೀವೇ ಸೇರಿಸಿಕೊಳ್ಳಬಹುದು. ಯಂತ್ರ ಬೇಡ, ಲ್ಯಾಪ್‌ಟಾಪ್ ಬೇಡ, ಯಾರ ಅಪ್ಪಣೆಯೂ ಬೇಡ.

ನನ್ನ ಹತ್ತಿರ ಇರುವುದು ಒಂದೂವರೆ ಕೀ ಅಲ್ಲವೇ ಅಂತ ನೀವು ಕೇಳಬಹುದು. ಇಲ್ಲೇ ಮಜಾ ಇರೋದು. ಅಪ್ಪಚ್ಚಿಯಾದದ್ದು ಮೊದಲನೇ ಸಂಸಾರ. ಪಕ್ಕದಲ್ಲಿ ಬೇರೆಯಾಗಿ ಕೂತಿದ್ದ ಅಕ್ಕಿಕಾಳು ಜೀವಂತವಾಗಿತ್ತು. ಲೋಹದ ಎಲೆಯೂ ನೆಟ್ಟಗಿತ್ತು. ಟೇಪು ಸುತ್ತಿ ತೂರಿಸಿ ತಿರುಗಿಸಿದರೆ ಇಂಜಿನ್ ಶುರು! ಕಾರಿನ ಲೆಕ್ಕದಲ್ಲಿ ಅದಿನ್ನೂ ಪೂರ್ತಿ ಕೀ.

ಹೊಸ ಕೀ ಆನ್‌ಲೈನಿನಲ್ಲಿ 17 ಡಾಲರಿಗೆ ಸಿಕ್ಕಿತು. ತರಿಸುವಾಗ ನೋಡಬೇಕಾದ್ದು ಹಳೇ ಕೀ ಬೆನ್ನಿನ ಮೇಲಿರುವ ಎಫ್‌ಸಿಸಿ ಸಂಖ್ಯೆ, ಅದು ಅಕ್ಷರಕ್ಕಕ್ಷರ ಹೊಂದಬೇಕು. ಚಿತ್ರ ನೋಡಿ ತರಿಸಿದರೆ ಕೆಟ್ಟಿರಿ. ಎಲೆ ಕತ್ತರಿಸಲು ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಹೊರಗೆ ಕೊಂಡ ಕೀ ನಾವು ಕತ್ತರಿಸಲ್ಲ ಅಂದರು. ಸಂದಿಯಲ್ಲಿದ್ದ ಸಣ್ಣ ಬೀಗದ ಅಂಗಡಿಯ ಮುದುಕರು ಒಂದು ಮಾತೂ ಆಡದೆ 6 ಡಾಲರಿಗೆ ಕತ್ತರಿಸಿಕೊಟ್ಟರು. ಒಟ್ಟು 23 ಡಾಲರ್.

ಆಮೇಲೆ ಕಾರಿನಲ್ಲಿ ಕೂತು ಪೂಜೆ. ಮೊದಲನೇ ಕೀ ಹಾಕಿ ಆನ್ ಮಾಡಿ, ಮೂರು ಸೆಕೆಂಡಿಗೆ ಕಡಿಮೆ ಇಲ್ಲ, ಹತ್ತಕ್ಕೆ ಹೆಚ್ಚಿಲ್ಲ. ಆಫ್ ಮಾಡಿ ತೆಗೆದು, ಹತ್ತು ಸೆಕೆಂಡಿನೊಳಗೆ ಎರಡನೇ ಕೀ ಹಾಕಿ ಅದೇ ಥರ. ಅದನ್ನು ತೆಗೆದು ಇಪ್ಪತ್ತು ಸೆಕೆಂಡಿನೊಳಗೆ ಹೊಸದನ್ನು ಹಾಕಿ ಆನ್ ಮಾಡಿ ಆರು ಸೆಕೆಂಡು ಕಾಯುವುದು. ಅಷ್ಟೇ. ಮೈನಸ್ ಹನ್ನೊಂದು ಡಿಗ್ರಿ ಚಳಿಯಲ್ಲಿ ಗ್ಲೌಸ್ ಬಿಚ್ಚಿ ಮೂರು ಕೀಗಳನ್ನು ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡು ಬಾಯಲ್ಲಿ 'ಒಂದು, ಎರಡು, ಮೂರು' ಅಂತ ಎಣಿಸುತ್ತಿದ್ದೆ. ಕಿಟಕಿಯಾಚೆ ನಾಯಿ ಹಿಡಿದು ಹೋಗುತ್ತಿದ್ದಾಕೆ ನಿಂತು ನೋಡಿ ಮುಂದೆ ಹೋದರು. ಹೊಸ ಕೀ ತಿರುಗಿಸಿದೆ, ಇಂಜಿನ್ ಶುರುವಾಯಿತು. ಈ ಮಾದರಿಯಲ್ಲಿ ಚಿಪ್ಪನ್ನು ಸೇರಿಸಿದರೆ ರಿಮೋಟೂ ತಾನಾಗಿ ಸೇರಿಕೊಳ್ಳುತ್ತದೆ, ಹಾಗಾಗಿ ಬಾಗಿಲಿನ 'ಕುಯ್ಕ್' ಕೂಡ ಬಂತು. ಕೆಂಪು ಗುಂಡಿಯನ್ನು ಪರೀಕ್ಷೆ ಮಾಡುವ ಧೈರ್ಯ ಮಾಡಲಿಲ್ಲ, ಬೆಳಿಗ್ಗೆ ಏಳು ಗಂಟೆ :-)

ಈ 'ಎರಡಿದ್ದರೆ ಮೂರನೆಯದು' ಅನ್ನುವ ನಿಯಮದ ಬಗ್ಗೆ ಆಮೇಲೆ ಬಹಳ ಯೋಚಿಸಿದೆ. ಮೇಲ್ನೋಟಕ್ಕೆ ಸುಮ್ಮನೆ ಒಂದು ಸರ್ಕಸ್ಸು. ಆದರೆ ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ಒಂದು ಕೀ ನಮ್ಮದು, ಇನ್ನೊಂದು ಬ್ಯಾಂಕಿನವರದ್ದು, ಎರಡೂ ಬಿದ್ದರೆ ಮಾತ್ರ ಬಾಗಿಲು. ಹೋಟೆಲಿನಲ್ಲಿ ಕಾರು ನಿಲ್ಲಿಸುವ ಹುಡುಗನ ಕೈಗೆ, ಗ್ಯಾರೇಜಿನವನ ಕೈಗೆ ನಾವು ಕೊಡುವುದು ಒಂದೇ ಕೀ. ಆ ಒಂದರಿಂದ ಅವನು ಮರಿ ಹಾಕಿಸಲಾರ. ಎರಡೂ ಕೀ ಒಟ್ಟಿಗೆ ಇರುವುದು ಮಾಲೀಕನ ಹತ್ತಿರ ಮಾತ್ರ ಅನ್ನುವ ಸರಳ ಸತ್ಯದ ಮೇಲೆ ಇಡೀ ರಕ್ಷಣೆ ನಿಂತಿದೆ. ಗುಟ್ಟಿನ ವಿಧಾನ ಏನೂ ಇಲ್ಲ, ಕೈಪಿಡಿಯಲ್ಲೇ ಅಚ್ಚು ಹಾಕಿದ್ದಾರೆ, ಕಳ್ಳನೂ ಓದಬಹುದು. ಓದಿ ಏನೂ ಮಾಡಲಾರ. 1883ರಲ್ಲಿ ಅಗಸ್ಟ್ ಕೆರ್ಕ್‌ಹೋಫ್ಸ್ ಎಂಬಾತ ಮಿಲಿಟರಿ ಗೂಢಲಿಪಿಯ ಬಗ್ಗೆ ಬರೆಯುತ್ತಾ ಹೇಳಿದ್ದು ಇದನ್ನೇ. ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟಾಗಿರಬೇಕಾದ್ದು ಕೀ ಒಂದೇ. ಇಂಜಿನಿಯರಿಂಗಿನಲ್ಲಿ ಇದನ್ನು ಓದಿ ಅಂಕ ತೆಗೆದಿದ್ದೆವು. ಹಳೇ ಕಾರಿನೊಳಗೆ ಕಣ್ಣಾರೆ ಕಂಡಾಗ ಬೇರೆಯೇ ಖುಷಿ.

ಆದರೆ ಈ ನಿಯಮಕ್ಕೊಂದು ದೊಡ್ಡ ತೂತಿದೆ. ಎರಡು ಕೀ ಇದ್ದವನಿಗೆ ಮಾತ್ರ ಅದು ಕಾಮಧೇನು. ಒಂದೇ ಇದ್ದವನಿಗೆ, ಒಂದೂ ಇಲ್ಲದವನಿಗೆ ಏನೂ ಇಲ್ಲ. ಒಂದೇ ಕೀ ಇರುವುದು ಯಾರ ಹತ್ತಿರ? ಸೆಕೆಂಡ್ ಹ್ಯಾಂಡ್, ಥರ್ಡ್ ಹ್ಯಾಂಡ್ ಕಾರು ಕೊಂಡವರ ಹತ್ತಿರ. ಅಂದರೆ 180 ಡಾಲರ್ ಕೊಡೋದು ಯಾರಿಗೆ ಕಷ್ಟವೋ ಅವರ ಹತ್ತಿರವೇ.

ನನಗೆ ಇದು ತಟ್ಟಿದ್ದು ಹಾಸನದಿಂದ ಭಾವ ಫೋನ್ ಮಾಡಿದಾಗ. ಅಕ್ಕನ ಗಂಡ. ಹಳದಿ ಬೋರ್ಡಿನ ಕಾರೊಂದಿದೆ, ಬೇಲೂರು-ಹಳೇಬೀಡಿಗೆ ಟೂರಿಸ್ಟುಗಳನ್ನು ಕರಕೊಂಡು ಹೋಗುವುದು, ಮದುವೆ ಬಾಡಿಗೆ, ಆಸ್ಪತ್ರೆ ಬಾಡಿಗೆ. ಕೊಂಡಾಗಲೇ ಒಂದೇ ಕೀ ಇತ್ತು. ಮಾರಿದವನು 'ಇನ್ನೊಂದು ಮನೇಲಿ ಎಲ್ಲೋ ಇದೆ ಸಾರ್, ಹುಡುಕಿ ಕೊಡ್ತೀನಿ' ಅಂದವನು ಇವತ್ತಿನವರೆಗೂ ಹುಡುಕುತ್ತಲೇ ಇದ್ದಾನೆ. ಆ ಒಂದು ಕೀ ಸಕಲೇಶಪುರದ ಮದುವೆ ಛತ್ರದಲ್ಲಿ ಕಳೆದುಹೋಯಿತು. ಹೂವಿನ ಕಸದಲ್ಲಿ, ಬಾಳೆಎಲೆ ರಾಶಿಯಲ್ಲಿ ಎಲ್ಲ ಕಡೆ ಹುಡುಕಿದ್ದಾಯಿತು. ಸುಮಾರು ನಲವತ್ತು ಕಿಲೋಮೀಟರ್ ಇನ್ನೊಂದು ಗಾಡಿಯಲ್ಲಿ ಎಳೆಸಿಕೊಂಡು ಹಾಸನಕ್ಕೆ ತಂದರು.

ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಹೇಳಿದ್ದು: ಇಮ್ಮೊಬಿಲೈಸರ್ ಡಬ್ಬಿ, ಲಾಕ್ ಸೆಟ್ಟು, ಕೀ ಎಲ್ಲ ಹೊಸದಾಗಿ ಹಾಕಬೇಕು, 18,000 ರೂಪಾಯಿ, ಸಾಮಾನು ಮೇಲಿಂದ ಬರಬೇಕು, ಎರಡು ವಾರ ಆಗಬಹುದು. ಕೀ ಕಳೆದಿದೆ ಅಂತ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟ ಕಾಗದ ತನ್ನಿ ಅಂದರು, ತಂದರು. ಆರ್‌ಸಿ ತನ್ನಿ, ಆಧಾರ್ ತನ್ನಿ, ಅದೂ ತಂದರು. ಹೊಸ ಡಬ್ಬಿ ಯಾಕೆ, ಇರುವ ಡಬ್ಬಿಗೇ ಹೊಸ ಕೀ ಕಲಿಸೋಕೆ ಒಂದು ಪಿನ್ ಇರುತ್ತಂತಲ್ಲ ಅಂತ ನಾನು ಕೇಳಿಸಿದೆ. ಅದು ಕಸ್ಟಮರಿಗೆ ಕೊಡುವ ಹಾಗಿಲ್ಲ ಅಂದರಂತೆ.

ಭಾವ ಫೋನಿನಲ್ಲಿ ರೇಗಿದರು. "ಅಲ್ಲ ಕಣೋ, ಸಾಲದ ಕಂತು ಕಟ್ತಿರೋನು ನಾನು, ಆರ್‌ಸಿ ನನ್ ಹೆಸ್ರಲ್ಲೈತೆ, ಇನ್ಶೂರೆನ್ಸ್ ನಾನ್ ಕಟ್ತೀನಿ. ನನ್ ಗಾಡಿ ನಂಬರ್ರು ನಂಗೇ ಹೇಳಕ್ಕಿಲ್ಲ ಅಂದ್ರೆ ಇದ್ಯಾವ್ ನ್ಯಾಯ?"

"ನಿಮ್ಮ ಗಾಡೀನ ಕಳ್ಳರಿಂದ ಕಾಪಾಡೋಕಂತೆ ಭಾವ," ಅಂದೆ.

"ಕಳ್ಳ ಕದ್ದಿದ್ರೆ ಒಂದಿನ ಅತ್ತು ಸುಮ್ನಾಗ್ತಿದ್ದೆ ಕಣೋ. ಈಗ ಗಾಡಿ ಮನೆ ಮುಂದೆ ನಿಂತೈತೆ, ದಿನಾ ನೋಡ್ಕೊಂಡು ಅಳ್ಬೇಕು."

ಹನ್ನೊಂದು ದಿನ ಗಾಡಿ ನಿಂತಿತು. ಮದುವೆ ಸೀಸನ್ನು, ನಾಲ್ಕು ಬಾಡಿಗೆ ಬೇರೆಯವರ ಪಾಲಾಯಿತು. ಹನ್ನೊಂದನೇ ದಿನ ಯಾರೋ ಹೇಳಿದರು ಅಂತ ಹಳೇ ಬಸ್ ಸ್ಟ್ಯಾಂಡ್ ಕಡೆಯ ಒಂದು ಕೀ ಅಂಗಡಿಯವರನ್ನು ಕರೆಸಿದರು. ಒಂದು ಕಾಲಕ್ಕೆ ಟ್ರಂಕಿನ ಬೀಗ, ಸ್ಕೂಟರ್ ಕೀ ಉಜ್ಜುತ್ತಿದ್ದವರು. ಈಗ ಅವರ ಚೀಲದಲ್ಲಿ ಚೀನಾದ ಒಂದು ಟ್ಯಾಬಿನಂಥ ಯಂತ್ರ. ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಸಿಕ್ಕಿಸಿದರು, ಪಿನ್ ಓದಿದರು, ಹೊಸ ಚಿಪ್ಪು ಕಲಿಸಿದರು, ಬಾಗಿಲಿನ ಲಾಕ್ ಬಿಚ್ಚಿ ಅದರ ಹಲ್ಲು ನೋಡಿ ಎಲೆ ಕತ್ತರಿಸಿದರು. ಒಟ್ಟು ಒಂದು ಗಂಟೆ, 4,500 ರೂಪಾಯಿ. ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಸಿ ನೋಡಿ, ಗಾಡಿ ನಂಬರು ಮತ್ತು ಭಾವನ ಫೋನ್ ನಂಬರನ್ನು ಒಂದು ಉದ್ದ ನೋಟ್ ಪುಸ್ತಕದಲ್ಲಿ ಬರೆದುಕೊಂಡು ಸಹಿ ಹಾಕಿಸಿಕೊಂಡರಂತೆ. ಹಾಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿಲ್ಲ. "ನಾಳೆ ಪೊಲೀಸ್ನೋರು ಬಂದ್ರೆ ತೋರ್ಸಕ್ಕೆ ನಮ್ ಹತ್ರ ಏನಾದ್ರೂ ಇರ್ಬೇಕಲ್ಲ ಸಾರ್" ಅಂದರಂತೆ.

ಈಗ ನೋಡಿ. ಆ ಪಿನ್ ಸರ್ವೀಸ್ ಸೆಂಟರಿಗೆ ಗೊತ್ತು. ಚೀನಾದ ಯಂತ್ರ ಮಾಡುವವರಿಗೆ ಗೊತ್ತು. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಗೊತ್ತು. ಆ ಯಂತ್ರ ಕೊಳ್ಳುವ ದುಡ್ಡಿದ್ದರೆ ಕಳ್ಳನಿಗೂ ಗೊತ್ತು. ಗೊತ್ತಿರಬಾರದವನು ಅಂತ ಉಳಿದವನು ಇಡೀ ಊರಲ್ಲಿ ಒಬ್ಬನೇ, ಗಾಡಿಯ ಮಾಲೀಕ!

ಕಂಪನಿಗಳ ಕಡೆಯ ವಾದವನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯವಲ್ಲ. ಇಮ್ಮೊಬಿಲೈಸರ್ ದಂಡದ ವಸ್ತು ಅಲ್ಲವೇ ಅಲ್ಲ. ಬ್ರಿಟನ್ನಿನಲ್ಲಿ 1998ರ ಅಕ್ಟೋಬರಿನಿಂದ, ಕೆನಡಾದಲ್ಲಿ 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಅಮೆರಿಕದಲ್ಲಿ ಅಂಥ ಕಾನೂನು ಇರಲಿಲ್ಲ. ಹಾಗಾಗಿ 2011ರಿಂದ 2021ರವರೆಗಿನ ಹ್ಯುಂಡೈ, ಕಿಯಾದ ಹಲವು ಅಗ್ಗದ ಮಾದರಿಗಳು ಇಲ್ಲಿ ಅದಿಲ್ಲದೆ ಮಾರಾಟವಾದವು. 2021ರಲ್ಲಿ ಮಿಲ್ವಾಕಿಯ ಹುಡುಗರು ಶುರುಮಾಡಿದ ಕಳ್ಳತನ, 2022ರಲ್ಲಿ ವೀಡಿಯೋಗಳ ಮೂಲಕ ದೇಶವೆಲ್ಲ ಹಬ್ಬಿತು. ಸ್ಟೀರಿಂಗ್ ಪಕ್ಕದ ಪ್ಲಾಸ್ಟಿಕ್ ಕಿತ್ತು, ಯುಎಸ್‌ಬಿ ಕೇಬಲ್ಲಿನ ತುದಿ ಹಾಕಿ ತಿರುಗಿಸಿದರೆ ಕಾರು ಹೊರಡುತ್ತಿತ್ತು. ಅದೇ ಕಂಪನಿಗಳ ಅದೇ ಕಾರುಗಳಿಗೆ ಪಕ್ಕದ ಕೆನಡಾದಲ್ಲಿ ಈ ಕಾಟ ಇರಲಿಲ್ಲ. ಅಕ್ಕಿಕಾಳು ಎಷ್ಟು ಕೆಲಸ ಮಾಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದನ್ನು ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ.

ನನ್ನ ತಕರಾರು ಇರೋದು 'ಮಾಲೀಕನಿಗೆ ಹೇಳದಿದ್ದರೆ ಗುಟ್ಟು ಉಳಿಯುತ್ತದೆ' ಅನ್ನುವ ನಂಬಿಕೆಯ ಮೇಲೆ. ಎಲ್ಲಿ ಉಳಿದಿದೆ? 2005ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದವರು 40 ಬಿಟ್ಟಿನ ಟ್ರಾನ್ಸ್‌ಪಾಂಡರನ್ನು ಬಿಡಿಸಿ, ತಾವೇ ಮಾಡಿದ ಉಪಕರಣದಿಂದ ಫೋರ್ಡ್ ಎಸ್ಕೇಪ್ ಕಾರನ್ನು ಸ್ಟಾರ್ಟ್ ಮಾಡಿ ತೋರಿಸಿದರು. ಮೆಗಾಮೋಸ್ ಅನ್ನುವ ಇನ್ನೊಂದು ಚಿಪ್ಪಿನ ದೌರ್ಬಲ್ಯ ಕಂಡುಹಿಡಿದ ಸಂಶೋಧಕರ ಪ್ರಬಂಧವನ್ನು ಪ್ರಕಟಿಸದಂತೆ 2013ರಲ್ಲಿ ಫೋಕ್ಸ್‌ವ್ಯಾಗನ್ ಬ್ರಿಟನ್ನಿನ ಹೈಕೋರ್ಟಿನಿಂದ ತಡೆ ತಂದಿತು. ಎರಡು ವರ್ಷ ತಡೆದು, 2015ರಲ್ಲಿ ಒಂದೇ ಒಂದು ವಾಕ್ಯ ತೆಗೆದು ಅದು ಪ್ರಕಟವಾಯಿತು. ಆ ಎರಡು ವರ್ಷದಲ್ಲಿ ಚಿಪ್ಪುಗಳೇನೂ ಗಟ್ಟಿಯಾಗಲಿಲ್ಲ, ಅವು ರಸ್ತೆಯ ಮೇಲಿನ ಕಾರುಗಳಲ್ಲಿ ಹಾಗೇ ಇದ್ದವು. 2020ರಲ್ಲಿ ಬೆಲ್ಜಿಯಂ ಮತ್ತು ಬರ್ಮಿಂಗ್‌ಹ್ಯಾಮಿನ ಸಂಶೋಧಕರು 80 ಬಿಟ್ಟಿನ ಚಿಪ್ಪುಗಳನ್ನು ನೋಡಿದರು. ಕೆಲವು ಟೊಯೋಟಾ ಮಾದರಿಗಳಲ್ಲಿ ಗುಟ್ಟಿನ ಸಂಖ್ಯೆಯನ್ನು ಕೀ ತಾನೇ ಹೊರಗೆ ಹೇಳುವ ಸೀರಿಯಲ್ ನಂಬರಿನಿಂದಲೇ ಮಾಡಿದ್ದರಂತೆ. ಬೀಗ ಹಾಕಿ, ಕೀ ಇಟ್ಟ ಜಾಗವನ್ನು ಬಾಗಿಲ ಮೇಲೆ ಬರೆದು ಹೋದ ಹಾಗೆ.

ಇನ್ನು ಇತ್ತೀಚಿನ ಕಳ್ಳರು ಕೀ ಗೊಡವೆಗೇ ಹೋಗುತ್ತಿಲ್ಲ. 2022ರಲ್ಲಿ ಲಂಡನ್ನಿನಲ್ಲಿ ಇಯಾನ್ ಟೇಬರ್ ಎಂಬ ಸೆಕ್ಯುರಿಟಿ ಸಂಶೋಧಕರದ್ದೇ ಟೊಯೋಟಾ ಕಾರು ಕಳುವಾಯಿತು. (ಕಳ್ಳನಿಗೆ ಯಾರ ಮನೆ ಅಂತ ಗೊತ್ತಿರಲಿಲ್ಲ ಪಾಪ.) ಅವರೂ ಕೆನ್ ಟಿಂಡೆಲ್ ಎಂಬುವವರೂ ಸೇರಿ ಬಿಡಿಸಿ ನೋಡಿದರೆ, ಬ್ಲೂಟೂತ್ ಸ್ಪೀಕರಿನ ಡಬ್ಬಿಯೊಳಗೆ ಅಡಗಿಸಿದ ಒಂದು ಸರ್ಕ್ಯೂಟು. ಹೆಡ್‌ಲೈಟಿನ ವೈರಿಗೆ ಅದನ್ನು ಸಿಕ್ಕಿಸಿದರೆ ಕಾರಿನೊಳಗಿನ ಸಂದೇಶಗಳ ದಾರಿಗೆ ನುಗ್ಗಿ, ಸರಿಯಾದ ಕೀ ಬಂದಿದೆ ಅಂತ ಅದೇ ಹೇಳಿಬಿಡುತ್ತದೆ. 2023ರಲ್ಲಿ ಇದನ್ನು ವಿವರವಾಗಿ ಬರೆದು ಪ್ರಕಟಿಸಿದರು. ಒಟ್ಟಿನಲ್ಲಿ ಕೀ ಬೇಕಾಗಿರೋದು ಮಾಲೀಕನಿಗೆ ಮಾತ್ರ ಅನ್ನುವ ಪರಿಸ್ಥಿತಿ.

ಹಾಗಾದರೆ ಏನು ಮಾಡಬೇಕು ಅಂತೀಯಪ್ಪ ಅಂತ ಕೇಳಿದರೆ, ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ. 1990ರ ದಶಕದಲ್ಲೇ ಫಿಯಟ್ ಕಂಪನಿ ಯುರೋಪಿನಲ್ಲಿ ಕಾರಿನ ಜೊತೆ ಒಂದು ಕೋಡ್ ಕಾರ್ಡ್ ಕೊಡುತ್ತಿತ್ತು. ಅದರ ಮೇಲೆ ಐದಂಕಿಯ ಸಂಖ್ಯೆ. ಚಿಪ್ಪು ಕೈಕೊಟ್ಟರೆ ಆಕ್ಸಿಲರೇಟರ್ ಒತ್ತಿ, ದೀಪ ಮಿನುಗುವುದನ್ನು ಎಣಿಸುತ್ತಾ ಆ ಸಂಖ್ಯೆ ತುಂಬಿಸಿ ಗಾಡಿ ಸ್ಟಾರ್ಟ್ ಮಾಡಬಹುದಿತ್ತು. ಜನರಲ್ ಮೋಟಾರ್ಸಿನ 2000ದ ದಶಕದ ಎಷ್ಟೋ ಕಾರುಗಳಲ್ಲಿ ಇನ್ನೊಂದು ಉಪಾಯ. ಸರಿಯಾಗಿ ಕತ್ತರಿಸಿದ ಹೊಸ ಕೀ ಹಾಕಿ ಆನ್ ಮಾಡಿ ಹತ್ತು ನಿಮಿಷ ಕಾಯಬೇಕು, ಹೀಗೆ ಮೂರು ಸಲ, ಒಟ್ಟು ಅರ್ಧ ಗಂಟೆ. ಆಮೇಲೆ ಕಾರು ಅದನ್ನು ಒಪ್ಪಿಕೊಳ್ಳುತ್ತದೆ. ಕಳ್ಳನಿಗೆ ಬೇರೆಯವರ ಮನೆ ಮುಂದೆ ಅರ್ಧ ಗಂಟೆ ಅಂದರೆ ಒಂದು ಯುಗ. ಮಾಲೀಕನಿಗೆ ಎರಡು ಲೋಟ ಕಾಫಿ. ಇದನ್ನು ಯೋಚಿಸಿದ ಇಂಜಿನಿಯರ್ ಸಿಕ್ಕರೆ ಕಾಲಿಗೆ ಬೀಳುತ್ತೇನೆ.

ನನ್ನ ಆಸೆ ಇಷ್ಟು. ಎಟಿಎಂ ಪಿನ್ ಮುಚ್ಚಿದ ಲಕೋಟೆಯಲ್ಲಿ ಬರುತ್ತಿತ್ತಲ್ಲ, ಹಾಗೆ ಕಾರಿನ ಪಿನ್ ಕೂಡ ಕೊಳ್ಳುವಾಗಲೇ ಕೈಗೆ ಬರಲಿ. ಲಕೋಟೆ ಕಳೆಯುತ್ತಾರೆ, ಕಾರಿನೊಳಗೇ ಇಟ್ಟು ಮರೆಯುತ್ತಾರೆ ಅಂತೀರಾ? ಒಪ್ಪಿದೆ, ನಮ್ಮ ಭಾವನೇ ಇಡುತ್ತಾರೆ. ಡಿಜಿಲಾಕರಿನಲ್ಲಿ ಆರ್‌ಸಿ ಸಿಗುತ್ತದೆ ತಾನೆ, ಅದರ ಪಕ್ಕದಲ್ಲೇ ಇದನ್ನೂ ಇಡಿ. ಕೇಳಿದ ಕೂಡಲೇ ತೋರಿಸಬೇಡಿ, ಆರ್‌ಸಿಯ ಫೋನ್ ನಂಬರಿಗೆ ಮೆಸೇಜು ಕಳಿಸಿ, ಒಂದು ದಿನ ಬಿಟ್ಟು ತೋರಿಸಿ. ಗಾಡಿ ಕೈ ಬದಲಾದಾಗ ಆರ್‌ಸಿಯ ಜೊತೆ ಪಿನ್ ಕೂಡ ಹೊಸಬನಿಗೆ ಹೋಗುತ್ತದೆ. ಹನ್ನೊಂದು ದಿನ ಒಂದು ದಿನಕ್ಕೆ ಇಳಿಯುತ್ತದೆ. ಕೀ ಅಂಗಡಿಯವರಿಗೂ ಕಳ್ಳದಾರಿಯ ಯಂತ್ರ ಬೇಡ, ಮಾಲೀಕನೇ ಪಿನ್ ಹೇಳುತ್ತಾನೆ, ಅವರ ಉದ್ದ ನೋಟ್ ಪುಸ್ತಕಕ್ಕೂ ಒಂದು ಬೆಲೆ ಬರುತ್ತದೆ.

ಕಾನೂನಿನ ಮಾತು ಬಂದರೆ ನಮ್ಮಲ್ಲಿ ಏನೂ ಆಗಿಲ್ಲ ಅಂತ ಹೇಳುವಂತಿಲ್ಲ. ಶಂಶೇರ್ ಕಟಾರಿಯಾ ಎಂಬುವವರು 2011ರಲ್ಲಿ ಕೊಟ್ಟ ದೂರಿನಿಂದ ಶುರುವಾದ ಪ್ರಕರಣದಲ್ಲಿ, 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ರಿಪೇರಿ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದೀರಿ ಅನ್ನುವುದೇ ಆರೋಪ. ಆಮೇಲೆ ಮಾಮೂಲಿನಂತೆ ಮೇಲ್ಮನವಿ, ಹೈಕೋರ್ಟು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಅದೇ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ಬಂತು. ಕಾರು ಅದರ ನಾಲ್ಕು ವಿಭಾಗಗಳಲ್ಲಿ ಒಂದು. ಅಮೆರಿಕದವರು ನಮಗಿಂತ ಬಹಳ ಮುಂದೆ ಅಂದುಕೊಳ್ಳಬೇಡಿ. ಮ್ಯಾಸಚೂಸೆಟ್ಸಿನ ಜನ 2012ರಲ್ಲಿ ವೋಟು ಹಾಕಿಯೇ ರಿಪೇರಿ ಹಕ್ಕಿನ ಕಾನೂನು ತಂದರು. 2014ರಲ್ಲಿ ಕಂಪನಿಗಳು ಅದನ್ನು ದೇಶಕ್ಕೆಲ್ಲ ಒಪ್ಪಿಕೊಂಡವು. ಆದರೆ ಇಮ್ಮೊಬಿಲೈಸರ್ ಮಾಹಿತಿಯನ್ನು ಮಾತ್ರ ಅಲ್ಲೂ ಬೇರೆ ಕಟ್ಟಿಟ್ಟರು, ನೋಂದಾಯಿಸಿಕೊಂಡ ಬೀಗದ ಕೆಲಸದವರಿಗಷ್ಟೇ ಸಿಗುವ ಹಾಗೆ. ಅಂದರೆ ಅಲ್ಲಿ ಬೀಗದವನಿಗೆ ಕಾನೂನುಬದ್ಧವಾಗಿ ಗೊತ್ತು, ಇಲ್ಲಿ ಚೀನಾ ಯಂತ್ರದಿಂದ ಗೊತ್ತು. ಮಾಲೀಕ ಎರಡೂ ಕಡೆ ಹೊರಗೇ ನಿಂತಿದ್ದಾನೆ.

ಕಾನೂನು ಬರುವವರೆಗೆ ಕಾಯೋಕಾಗಲ್ಲ, ಅದಕ್ಕೇ ಒಂದೆರಡು ಮಾತು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಎರಡನೇ ಕೀ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ. 'ಹುಡುಕಿ ಕೊಡ್ತೀನಿ' ಅಂದರೆ ಎರಡನೇ ಕೀ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಕೀ ಜೊತೆ ನಂಬರ್ ಇರುವ ಪುಟ್ಟ ತಗಡಿನ ಬಿಲ್ಲೆ ಇದ್ದರೆ ಫೋಟೋ ತೆಗೆದಿಡಿ, ಎಲೆ ಕತ್ತರಿಸಲು ಅದು ಸಾಕು. ಒಂದೇ ಕೀ ಇದೆಯಾ, ಅದು ಬದುಕಿರುವಾಗಲೇ ಇನ್ನೊಂದು ಮಾಡಿಸಿ. ಒಂದರಿಂದ ಎರಡು ಮಾಡೋದು ಸುಲಭ, ಸೊನ್ನೆಯಿಂದ ಒಂದು ಮಾಡೋದು ಪಡಿಪಾಟಲು. ಇನ್ನು ಮುರಿದ ಕೀಯನ್ನು ದಯವಿಟ್ಟು ಎಸೆಯಬೇಡಿ, ಅಕ್ಕಿಕಾಳು ಬದುಕಿರುತ್ತದೆ.

ಭಾವ ಈ ಕೊನೆಯ ಸಲಹೆಗಳಲ್ಲಿ ಒಂದನ್ನು ಪಾಲಿಸಿದ್ದಾರೆ. ಅದೇ ಅಂಗಡಿಯವರು ಎರಡನೇ ಕೀಗೆ 1,800 ರೂಪಾಯಿ ತೆಗೆದುಕೊಂಡರಂತೆ, ಹದಿನೈದು ನಿಮಿಷದ ಕೆಲಸ. ಅದು ಈಗ ದೇವರ ಗೂಡಿನಲ್ಲಿ ವೆಂಕಟರಮಣನ ಫೋಟೋ ಹಿಂದೆ ಇದೆ. ಅಕ್ಕ ದಿನಾ ಬೆಳಿಗ್ಗೆ ಅದಕ್ಕೂ ಒಂದು ಹೂವು ಇಡುತ್ತಾಳೆ, ಹಾಗೇ ಭಾವ ಅದನ್ನು ಎತ್ತಿಕೊಂಡು ಹೋಗಿಲ್ಲ ತಾನೆ ಅಂತ ಮುಟ್ಟಿ ನೋಡುತ್ತಾಳೆ.